ನೋವು ನೀಗಿಸಿದ ದಂತವೈದ್ಯ ಹೊರೇಸ್ ವೆಲ್ಸ್

ಹಲ್ಲುನೋವಿಗೆ ಅರಸನೆಂದೂ ಆಳೆಂದೂ ಭೇದವಿಲ್ಲ. ದವಡೆಯ ಮೂಲೆಯ ಒಂದು ಹುಳುಕುಹಲ್ಲು ನಡುರಾತ್ರಿಯಲ್ಲಿ ಮಿಡಿಯತೊಡಗಿತೆಂದರೆ ಪಂಡಿತನ ಪಾಂಡಿತ್ಯವೂ ಶೂರನ ಶೌರ್ಯವೂ ಕೆನ್ನೆಗೆ ಕೈಯಾನಿಸಿ ಕುಳಿತುಬಿಡುತ್ತವೆ. ಆದರೂ ಇಂದಿನ ನಮ್ಮ ಪಾಡು ಹಿಂದಿನವರ ಪಾಡಿಗಿಂತ ಎಷ್ಟೋ ಮೇಲು. ದಂತವೈದ್ಯನ ಕುರ್ಚಿಯಲ್ಲಿ ಕುಳಿತು, ಒಸಡಿಗೆ ಒಂದು ಸೂಜಿಮದ್ದು ಹಾಕಿಸಿಕೊಂಡು, ಹಲ್ಲು ಕಿತ್ತುದೇ ಅರಿವಾಗದಂತೆ ನಾವು ಎದ್ದು ಬರುತ್ತೇವೆ. ಈ ಸುಖವು ಮನುಷ್ಯನಿಗೆ ದೊರೆತು ಇನ್ನೂ ಇನ್ನೂರು ವರ್ಷವಾಗಿಲ್ಲ. ಇದನ್ನು ದೊರಕಿಸಿಕೊಡಲು ಮೊದಲು ತನ್ನ ಹಲ್ಲನ್ನೇ ಒಡ್ಡಿದವನು ಅಮೆರಿಕದ ಒಬ್ಬ ಸಾಮಾನ್ಯ ದಂತವೈದ್ಯ. ಹೆಸರು ಹೊರೇಸ್ ವೆಲ್ಸ್. ಲೋಕದ ನೋವಿಗೆ ಮದ್ದು ಕಂಡ ಈತನ ಬಾಳು ಮಾತ್ರ ಮೂವತ್ತಮೂರು ವರ್ಷ ತುಂಬುತ್ತಲೇ ಸೆರೆಮನೆಯ ಕೋಣೆಯೊಂದರಲ್ಲಿ ಮುಗಿದುಹೋಯಿತು. ಅವನ ಕಥೆ ವೈದ್ಯಶಾಸ್ತ್ರದ ಇತಿಹಾಸದ ಅತ್ಯಂತ ಕರುಣಾಜನಕವಾದ ಅಧ್ಯಾಯಗಳಲ್ಲಿ ಒಂದು. ಒಂದು ಸತ್ಯವನ್ನು ಕಾಣುವುದು ಬೇರೆ, ಅದನ್ನು ಲೋಕವು ಒಪ್ಪುವಂತೆ ತೋರಿಸುವುದು ಬೇರೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ದುರ್ಲಭ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಶಸ್ತ್ರಚಿಕಿತ್ಸೆಯೆಂದರೆ ಎಂಥ ಭೀಕರ ಸಂಗತಿಯಾಗಿದ್ದಿತೆಂಬುದನ್ನು ಊಹಿಸಿಕೊಳ್ಳುವುದು ಇಂದು ಕಷ್ಟ. ರೋಗಿಗೆ ಒಂದಿಷ್ಟು ಮದ್ಯವನ್ನೋ ಅಫೀಮನ್ನೋ ಕೊಟ್ಟು, ನಾಲ್ಕು ಜನ ಗಟ್ಟಿಮುಟ್ಟಾದವರು ಅವನನ್ನು ಅದುಮಿ ಹಿಡಿದುಕೊಂಡಿರುವಾಗ ವೈದ್ಯನು ತನ್ನ ಕತ್ತಿಯನ್ನು ನಡೆಸಬೇಕಾಗಿತ್ತು. ಕೈ ಎಷ್ಟು ಚುರುಕೋ ವೈದ್ಯನು ಅಷ್ಟು ದೊಡ್ಡವನು. ದಂತವೈದ್ಯನ ಪಾಡಂತೂ ಇನ್ನೂ ಹೀನವಾಗಿತ್ತು. ಅವನ ಮನೆಯ ಬಾಗಿಲವರೆಗೆ ಬಂದು, ಒಳಗಿನ ಕೂಗನ್ನು ಕೇಳಿ, ನೋವೇ ಲೇಸೆಂದು ಹಿಂತಿರುಗುವವರಿಗೆ ಕೊರತೆಯಿರಲಿಲ್ಲ. ಹಲ್ಲು ಕಚ್ಚಿ ನೋವನ್ನು ಸಹಿಸಬೇಕೆಂದು ನಾವು ಹೇಳುತ್ತೇವೆ. ಆದರೆ ಹಲ್ಲನ್ನೇ ಕೀಳಿಸಿಕೊಳ್ಳುವವನು ಏನನ್ನು ಕಚ್ಚಿ ಸಹಿಸಬೇಕು?

ನೋವನ್ನು ಮರೆಸುವ ವಸ್ತು ಆಗ ಇರಲಿಲ್ಲವೆಂದಲ್ಲ. ಕಣ್ಣೆದುರಿಗೇ ಇದ್ದಿತು, ಕಂಡವರಿರಲಿಲ್ಲ. ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿಯೇ ತಯಾರಿಸಿದ್ದನು. ಬ್ರಿಸ್ಟಲಿನಲ್ಲಿ ಕೆಲಸ ಮಾಡುತ್ತಿದ್ದ ತರುಣ ವಿಜ್ಞಾನಿ ಹಂಫ್ರಿ ಡೇವಿ ಅದನ್ನು ಸ್ವತಃ ಸೇದಿ ನೋಡಿದನು. ಹೊಸದಾಗಿ ಮೂಡುತ್ತಿದ್ದ ಬುದ್ಧಿಹಲ್ಲಿನಿಂದ ಒಸಡು ಬಾತು ನೋಯುತ್ತಿದ್ದಾಗ ಈ ಅನಿಲದಿಂದ ನೋವು ಇಳಿದುದನ್ನು ಗಮನಿಸಿದನು. ಹೆಚ್ಚು ರಕ್ತ ಹರಿಯದಂಥ ಶಸ್ತ್ರಚಿಕಿತ್ಸೆಗಳಲ್ಲಿ ಇದು ಉಪಯೋಗಕ್ಕೆ ಬರಬಹುದೆಂದು 1800ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದೂ ಇಟ್ಟನು. ಆದರೆ ಅವನ ಮನಸ್ಸು ಬೇರೆ ಶೋಧಗಳತ್ತ ಹರಿಯಿತು. ಗ್ರಂಥದ ಆ ಮಾತನ್ನು ನಾಲ್ಕು ದಶಕಗಳ ಕಾಲ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅನಿಲಕ್ಕೆ ನಗೆ ಅನಿಲವೆಂಬ ಅಡ್ಡಹೆಸರು ಬಿದ್ದು, ಅದು ಜಾತ್ರೆ ಮೇಳಗಳ ವಿನೋದದ ಸಾಮಗ್ರಿಯಾಯಿತು. ಅದನ್ನು ಸೇದಿದವರು ನಗುತ್ತಿದ್ದರು, ಕುಣಿಯುತ್ತಿದ್ದರು. ನೋಡಿದವರು ಕಾಸು ಕೊಟ್ಟು ಮನೆಗೆ ಹೋಗುತ್ತಿದ್ದರು.

ತಾರುಣ್ಯ ಮತ್ತು ವೃತ್ತಿ

ಹೊರೇಸ್ ವೆಲ್ಸ್ 1815ರ ಜನವರಿ 21ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಜನಿಸಿದನು. ಮೂವರು ಮಕ್ಕಳಲ್ಲಿ ಅವನೇ ಹಿರಿಯ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಂತವೈದ್ಯ ಕಲಿಯಲೆಂದು ಬಾಸ್ಟನ್ ನಗರಕ್ಕೆ ಹೋದನು. ದಂತವೈದ್ಯ ಕಲಿಸುವ ಕಾಲೇಜು ಆಗ ಆ ದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಅಂಥ ಮೊದಲನೆಯ ಕಾಲೇಜು ಬಾಲ್ಟಿಮೋರಿನಲ್ಲಿ ತೆರೆದುದು 1840ರಲ್ಲಿ. ಕಮ್ಮಾರನ ಮಗ ಕುಲುಮೆಯ ಬಳಿ ನಿಂತು ಕಲಿಯುವಂತೆ, ಅನುಭವಸ್ಥನೊಬ್ಬನ ಕೈಕೆಳಗೆ ನಿಂತು ಕಲಿಯುವುದೇ ಅಂದಿನ ಪದ್ಧತಿ. ವೆಲ್ಸ್ ಹಾಗೆಯೇ ಕಲಿತು, 1836ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ತನ್ನ ವೃತ್ತಿಯನ್ನು ಆರಂಭಿಸಿದನು. ಹುಟ್ಟೂರಿನ ಹೆಸರನ್ನೇ ಹೊತ್ತ ಈ ಇನ್ನೊಂದು ಊರು ಅವನ ಕರ್ಮಭೂಮಿಯಾಯಿತು.

ತರುಣನ ಕೈ ನಯವಾಗಿತ್ತು, ನಡತೆ ಸೌಮ್ಯವಾಗಿತ್ತು. ಊರಿನ ಗಣ್ಯರು ಅವನಲ್ಲಿಗೆ ಬರತೊಡಗಿದರು. ಅವನು ಬರಿಯ ಹಲ್ಲು ಕೀಳುವವನಾಗಿ ಉಳಿಯಲಿಲ್ಲ. ಹಲ್ಲಿನ ರಚನೆ, ಬೆಳವಣಿಗೆ, ಅದಕ್ಕೆ ತಗಲುವ ರೋಗಗಳು, ಅದನ್ನು ಕಾಪಾಡಿಕೊಳ್ಳುವ ಬಗೆ ಇವುಗಳನ್ನು ಕುರಿತು 1838ರಲ್ಲಿ ಒಂದು ಚಿಕ್ಕ ಹೊತ್ತಗೆಯನ್ನು ಬರೆದು ಅಚ್ಚು ಹಾಕಿಸಿದನು. ಹಲ್ಲನ್ನು ಕೀಳುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ವೈದ್ಯನ ಮೊದಲ ಕರ್ತವ್ಯವೆಂಬ ದೃಷ್ಟಿ ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ಅದೇ ವರ್ಷ ಎಲಿಜಬೆತ್ ವೇಲ್ಸ್ ಎಂಬ ಕನ್ಯೆಯನ್ನು ಮದುವೆಯಾದನು. ಮರುವರ್ಷ ಚಾರ್ಲ್ಸ್ ಎಂಬ ಮಗನು ಹುಟ್ಟಿದನು.

ವೆಲ್ಸನ ಬುದ್ಧಿ ಚುರುಕಾದುದು, ಆದರೆ ಒಂದೆಡೆ ನಿಲ್ಲುವಂಥದಲ್ಲ. ಕಲ್ಲಿದ್ದಲನ್ನು ಸೋಸುವ ಸಾಧನವೊಂದನ್ನು ಕಲ್ಪಿಸಿ 1839ರಲ್ಲಿ ಪೇಟೆಂಟು ಪಡೆದನು. ಮುಂದೆ ಮಳೆಯಂತೆ ನೀರು ಸುರಿಸುವ ಸ್ನಾನದ ಯಂತ್ರಕ್ಕೆ 1846ರಲ್ಲಿ ಇನ್ನೊಂದು ಪೇಟೆಂಟು ಪಡೆದನು. ಹಕ್ಕಿಗಳನ್ನು ಕುರಿತು ಉಪನ್ಯಾಸಗಳನ್ನೂ ಏರ್ಪಡಿಸಿದನು. ದೇಹಸ್ಥಿತಿ ಆಗಾಗ ಕೆಡುತ್ತಿದ್ದುದರಿಂದ ವೃತ್ತಿಯನ್ನು ಬಿಡುವುದು, ಮತ್ತೆ ಹಿಡಿಯುವುದು ಅವನಿಗೆ ವಾಡಿಕೆಯಾಗಿಹೋಯಿತು. ಅವನ ಕೈಕೆಳಗೆ ಕಲಿತವರಲ್ಲಿ ಇಬ್ಬರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಒಬ್ಬನು ಜಾನ್ ರಿಗ್ಸ್. ಕೊನೆಯವರೆಗೂ ಗೆಳೆಯನಾಗಿ ನಿಂತವನು. ಇನ್ನೊಬ್ಬನು ವಿಲಿಯಂ ಮಾರ್ಟನ್, ಮುಂದೆ ಪ್ರತಿಸ್ಪರ್ಧಿಯಾದವನು.

ಮಾರ್ಟನ್ನನೊಡನೆ ಕೂಡಿ ವೆಲ್ಸ್ 1843ರಲ್ಲಿ ಬಾಸ್ಟನ್ನಿನಲ್ಲಿ ಪಾಲುದಾರಿಕೆಯ ವ್ಯವಹಾರವೊಂದನ್ನು ಹೂಡಿದನು. ಕಟ್ಟುಹಲ್ಲುಗಳನ್ನು ಚಿನ್ನದ ತಗಡಿಗೆ ಕೂಡಿಸಲು, ಕಪ್ಪಾಗದ ಹೊಸ ಬಗೆಯ ಬೆಸುಗೆಯನ್ನು ಬಳಸುವುದು ಅವರ ವಿಶೇಷ. ಆದರೆ ಕಟ್ಟುಹಲ್ಲು ಚೆನ್ನಾಗಿ ಕೂರಬೇಕಾದರೆ ಹಳೆಯ ಹಲ್ಲುಗಳ ಬೇರುಗಳನ್ನೆಲ್ಲ ಕಿತ್ತು ತೆಗೆಯಬೇಕಾಗುತ್ತಿತ್ತು. ಆ ಯಾತನೆಗೆ ಹೆದರಿದ ಜನ ಹತ್ತಿರ ಸುಳಿಯಲಿಲ್ಲ. ಪಾಲುದಾರಿಕೆ 1844ರ ಅಕ್ಟೋಬರಿನಲ್ಲಿ ಮುರಿಯಿತು. ನೋವನ್ನು ಗೆಲ್ಲದೆ ದಂತವೈದ್ಯಕ್ಕೆ ಮುಂದಿನ ದಾರಿಯಿಲ್ಲವೆಂಬುದು ಮಾತ್ರ ಇಬ್ಬರ ಮನಸ್ಸಿನಲ್ಲಿಯೂ ಉಳಿಯಿತು.

ಆ ಎರಡು ದಿನಗಳು

1844ರ ಡಿಸೆಂಬರ್ 10ರಂದು ಗಾರ್ಡ್ನರ್ ಕೋಲ್ಟನ್ ಎಂಬ ಸಂಚಾರಿ ಪ್ರದರ್ಶನಕಾರನು ಹಾರ್ಟ್‌ಫರ್ಡ್ ನಗರದಲ್ಲಿ ನಗೆ ಅನಿಲದ ಪ್ರದರ್ಶನವನ್ನು ಏರ್ಪಡಿಸಿದನು. ವೆಲ್ಸ್ ಹೆಂಡತಿಯೊಡನೆ ಅಲ್ಲಿಗೆ ಹೋದನು. ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಸ್ಯಾಮ್ಯುಯೆಲ್ ಕೂಲಿ ಎಂಬ ತರುಣನು ಅನಿಲವನ್ನು ಸೇದಿ, ಮೈಮೇಲೆ ಎಚ್ಚರ ತಪ್ಪಿ ಕುಣಿದಾಡಿ, ಬೆಂಚುಗಳಿಗೆ ಕಾಲನ್ನು ಬಲವಾಗಿ ತಗುಲಿಸಿಕೊಂಡನು. ಅಮಲು ಇಳಿದ ಮೇಲೆ ಅವನು ಬಂದು ಕುಳಿತುದು ವೆಲ್ಸನ ಸಮೀಪದಲ್ಲಿ. ಕಾಲಿನಿಂದ ರಕ್ತ ಸುರಿಯುತ್ತಿತ್ತು. ನೋವಾಗಲಿಲ್ಲವೇ ಎಂದು ವೆಲ್ಸ್ ಕೇಳಿದಾಗ ತರುಣನು ಆಶ್ಚರ್ಯದಿಂದ ತನ್ನ ಕಾಲನ್ನು ನೋಡಿಕೊಂಡನು. ಗಾಯವಾದುದೇ ಅವನಿಗೆ ತಿಳಿದಿರಲಿಲ್ಲ.

ಸಭೆಯಲ್ಲಿದ್ದವರೆಲ್ಲರೂ ಕೂಲಿಯ ಕುಣಿತವನ್ನು ಕಂಡು ನಕ್ಕಿದ್ದರು. ಆ ಗಾಯದ ಅರ್ಥವನ್ನು ಕಂಡವನು ವೆಲ್ಸ್ ಒಬ್ಬನೇ. ಹಲ್ಲನ್ನು ಕೂಡ ಹೀಗೆಯೇ ನೋವಿಲ್ಲದೆ ಕೀಳಬಾರದೇಕೆ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಮಿಂಚಿತು. ಪ್ರಶ್ನೆ ಹುಟ್ಟಿದ ಮೇಲೆ ಅವನು ಒಂದು ರಾತ್ರಿಗಿಂತ ಹೆಚ್ಚು ಕಾಯಲಿಲ್ಲ. ಪರೀಕ್ಷೆಗಾಗಿ ಇನ್ನೊಬ್ಬರನ್ನು ಹುಡುಕಲೂ ಇಲ್ಲ.

ಮರುದಿನ, ಎಂದರೆ ಡಿಸೆಂಬರ್ 11ರಂದು, ಕೋಲ್ಟನ್ ಅನಿಲ ತುಂಬಿದ ಚೀಲವನ್ನು ವೆಲ್ಸನ ಚಿಕಿತ್ಸಾಲಯಕ್ಕೆ ತಂದನು. ವೆಲ್ಸನ ದವಡೆಯ ಹಲ್ಲೊಂದು ಕೆಲವು ಕಾಲದಿಂದ ತೊಂದರೆ ಕೊಡುತ್ತಿತ್ತು. ರೋಗಿಯ ಕುರ್ಚಿಯಲ್ಲಿ ವೈದ್ಯನೇ ಕುಳಿತನು. ಜಾನ್ ರಿಗ್ಸ್ ಇಕ್ಕಳವನ್ನು ಹಿಡಿದು ನಿಂತನು. ಪ್ರದರ್ಶನಗಳಲ್ಲಿ ಕೊಡುತ್ತಿದ್ದುದಕ್ಕಿಂತ ಹೆಚ್ಚು ಅನಿಲವನ್ನು ಕೊಡಬೇಕಾಗಿತ್ತು. ಹಾಗೆ ಕೊಟ್ಟರೆ ಮನುಷ್ಯನು ಮತ್ತೆ ಎಚ್ಚರಗೊಳ್ಳುವನೋ ಇಲ್ಲವೋ ಎಂಬುದನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ವೆಲ್ಸ್ ಅನಿಲವನ್ನು ಸೇದಿದನು. ತಲೆ ಹಿಂದಕ್ಕೆ ವಾಲಿತು. ರಿಗ್ಸ್ ಹಲ್ಲನ್ನು ಕಿತ್ತನು. ಕೆಲವು ಕ್ಷಣಗಳಲ್ಲಿ ಎಚ್ಚೆತ್ತ ವೆಲ್ಸ್, ತನಗೆ ಸೂಜಿ ಚುಚ್ಚಿದಷ್ಟೂ ನೋವಾಗಲಿಲ್ಲವೆಂದು ಸಂತೋಷದಿಂದ ಸಾರಿದನು.

ಅನಿಲವನ್ನು ತಯಾರಿಸುವ ಕ್ರಮವನ್ನು ಅವನು ಕೋಲ್ಟನ್ನನಿಂದಲೇ ಕಲಿತುಕೊಂಡನು. ಅಮೋನಿಯಂ ನೈಟ್ರೇಟನ್ನು ಎಚ್ಚರಿಕೆಯಿಂದ ಕಾಸಿದರೆ ಈ ಅನಿಲ ಹೊರಡುತ್ತದೆ. ಮುಂದಿನ ಕೆಲವು ವಾರಗಳಲ್ಲಿ 12ರಿಂದ 15 ಮಂದಿಗೆ ಅದನ್ನು ಕೊಟ್ಟು ಹಲ್ಲು ಕಿತ್ತನು. ಬಹುಮಟ್ಟಿಗೆ ಎಲ್ಲರಲ್ಲಿಯೂ ಗುಣ ಕಂಡಿತು. ಪೇಟೆಂಟೆಂದರೇನೆಂಬುದು ತಿಳಿಯದವನಲ್ಲ ಅವನು. ಕಲ್ಲಿದ್ದಲ ಜರಡಿಗೆ ಹಕ್ಕು ಪಡೆದವನು, ಸ್ನಾನದ ಯಂತ್ರಕ್ಕೆ ಹಕ್ಕು ಪಡೆದವನು, ಮನುಷ್ಯನ ನೋವಿನ ಮದ್ದಿಗೆ ಮಾತ್ರ ಹಕ್ಕನ್ನು ಬೇಡಲಿಲ್ಲ. ನೆರೆಹೊರೆಯ ದಂತವೈದ್ಯರಿಗೆ ತಾನಾಗಿ ಅದನ್ನು ತಿಳಿಸಿಕೊಟ್ಟನು. ಒಂದು ಜೊತೆ ಪಾದರಕ್ಷೆಯ ಹೊಸ ಮಾದರಿಯನ್ನೂ ಬೀಗದೊಳಗಿಟ್ಟು ಮಾರುವ ಲೋಕದಲ್ಲಿ ಈ ಔದಾರ್ಯವು ಸಾಮಾನ್ಯವಲ್ಲ.

ಬಾಸ್ಟನ್ನಿನ ಸೋಲು

ದೊಡ್ಡ ವೈದ್ಯರ ಮುಂದೆ ಪ್ರಯೋಗವನ್ನು ತೋರಿಸಿ ಅವರ ಮುದ್ರೆಯನ್ನು ಪಡೆದ ಹೊರತು ತನ್ನ ಶೋಧ ಲೋಕಕ್ಕೆ ದಕ್ಕದೆಂಬುದನ್ನು ವೆಲ್ಸ್ ಬಲ್ಲವನಾಗಿದ್ದನು. 1845ರ ಜನವರಿಯಲ್ಲಿ ಬಾಸ್ಟನ್ನಿಗೆ ಹೋದನು. ಹಳೆಯ ಪಾಲುದಾರ ಮಾರ್ಟನ್ ಅಲ್ಲಿ ನೆರವಾದನು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ ತನ್ನ ವಿದ್ಯಾರ್ಥಿಗಳ ಮುಂದೆ ಪ್ರಯೋಗ ತೋರಿಸಲು ಅವಕಾಶ ಕೊಟ್ಟನು. ಮೊದಲು ರೋಗಿಯೊಬ್ಬನ ಅಂಗಚ್ಛೇದನದ ಸಮಯದಲ್ಲಿ ಅನಿಲವನ್ನು ಕೊಡುವುದೆಂದು ಆಲೋಚನೆಯಿತ್ತು. ರೋಗಿಯು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಕೊನೆಗೆ ಹಲ್ಲುನೋವಿನಿಂದ ನರಳುತ್ತಿದ್ದ ಒಬ್ಬನು ಮುಂದೆ ಬಂದನು. ವಿದ್ಯಾರ್ಥಿಗಳು ಸುತ್ತಲೂ ನೆರೆದರು.

ವೆಲ್ಸ್ ಚೀಲವನ್ನು ರೋಗಿಯ ಬಾಯಿಗಿಟ್ಟು ಅನಿಲವನ್ನು ಕೊಟ್ಟನು. ಬಳಿಕ ಹಲ್ಲನ್ನು ಇಕ್ಕಳದಲ್ಲಿ ಹಿಡಿದನು. ರೋಗಿಯು ಕೂಗಿಕೊಂಡನು.

ಅಷ್ಟೇ ಸಾಕಾಯಿತು. ಸಭೆಯಲ್ಲಿ ಸಿಳ್ಳು ಎದ್ದಿತು, ನಗೆ ಎದ್ದಿತು, ಇದು ಶುದ್ಧ ಮೋಸವೆಂಬ ಕೂಗೂ ಎದ್ದಿತು. ತನಗೆ ಸಾಮಾನ್ಯವಾಗಿ ಆಗಬೇಕಾದಷ್ಟು ನೋವು ಆಗಲಿಲ್ಲವೆಂದು ರೋಗಿಯು ಆಮೇಲೆ ಹೇಳಿದನು. ಆದರೆ ಆ ಮಾತನ್ನು ಕೇಳಲು ಯಾರಿಗೂ ತಾಳ್ಮೆಯಿರಲಿಲ್ಲ. ಚೀಲವನ್ನು ಅವಸರದಲ್ಲಿ ಬೇಗನೆ ತೆಗೆದುದೇ ತಪ್ಪಾಯಿತೆಂದು ವೆಲ್ಸ್ ಮುಂದೆ ತಾನೇ ಬರೆದನು. ಅಂದಂತೂ ತಲೆ ತಗ್ಗಿಸಿಕೊಂಡು ಊರಿಗೆ ಹಿಂತಿರುಗಿದನು. ಮನಸ್ಸಿಗೆ ಬಿದ್ದ ಪೆಟ್ಟು ದೇಹವನ್ನೂ ಹಿಡಿಯಿತು. ಫೆಬ್ರುವರಿಯಲ್ಲಿ ಮನೆಯನ್ನು ಬಾಡಿಗೆಗೆ ಕೊಡುವುದಾಗಿ ಪ್ರಕಟಣೆ ಹೊರಡಿಸಿದನು. ಏಪ್ರಿಲಿನಲ್ಲಿ ತನ್ನ ರೋಗಿಗಳನ್ನು ರಿಗ್ಸನ ಬಳಿಗೆ ಹೋಗುವಂತೆ ಕೋರಿದನು.

ಪ್ರಯೋಗ ಸೋತುದೇಕೆ?

ಈ ಪ್ರಶ್ನೆಗೆ ಇಂದಿನ ವಿಜ್ಞಾನವು ತಕ್ಕಮಟ್ಟಿಗೆ ಉತ್ತರ ಹೇಳಬಲ್ಲುದು. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಬಹಳ ಸ್ವಲ್ಪವಾಗಿ ಕರಗುವ ಅನಿಲ. ಆದುದರಿಂದಲೇ ಅದರ ಪ್ರಭಾವವು ಬೇಗನೆ ಏರುತ್ತದೆ, ಉಸಿರಾಟಕ್ಕೆ ಬರಿಯ ಗಾಳಿ ದೊರೆತೊಡನೆ ಅಷ್ಟೇ ಬೇಗನೆ ಇಳಿಯುತ್ತದೆ. ಚೀಲವನ್ನು ತೆಗೆದ ಮೇಲೆ ದಂತವೈದ್ಯನಿಗೆ ಉಳಿಯುವ ಕಾಲ ಒಂದು ನಿಮಿಷದ ಆಸುಪಾಸಿನದು. ಇದಲ್ಲದೆ, ಈ ಅನಿಲವು ನೋವನ್ನು ತಗ್ಗಿಸುವುದರಲ್ಲಿ ಸಮರ್ಥವಾದರೂ, ಮನುಷ್ಯನನ್ನು ಸಂಪೂರ್ಣವಾಗಿ ಅರಿವಳಿಸುವುದರಲ್ಲಿ ದುರ್ಬಲ. ಸಾಮಾನ್ಯ ವಾಯುಭಾರದಲ್ಲಿ, ಪ್ರಾಣಕ್ಕೆ ಬೇಕಾದಷ್ಟು ಆಮ್ಲಜನಕವನ್ನೂ ಬಿಟ್ಟುಕೊಟ್ಟು, ಇದೊಂದರಿಂದಲೇ ಪೂರ್ಣ ಅರಿವಳಿಕೆಯನ್ನು ಉಂಟುಮಾಡುವುದು ಸಾಧ್ಯವಿಲ್ಲವೆಂಬುದು ಈಗ ಸಿದ್ಧವಾದ ಸಂಗತಿ. ಆದುದರಿಂದ ರೋಗಿಯು ಅರೆಯರಿವಿನಲ್ಲಿ ಕೂಗಿಕೊಂಡು, ಎಚ್ಚೆತ್ತ ಮೇಲೆ ಹೆಚ್ಚು ನೋವಾಗಲಿಲ್ಲವೆಂದು ಹೇಳುವುದರಲ್ಲಿ ವಿರೋಧವೇನೂ ಇಲ್ಲ. ಕೂಗೂ ನಿಜ, ಆ ಮಾತೂ ನಿಜ.

ಹೀಗಿರುವಾಗ ಬಾಸ್ಟನ್ನಿನ ವಿದ್ಯಾರ್ಥಿಗಳು ಮಾಡಿದ ತಪ್ಪು ಯಾವುದು? ಒಬ್ಬ ರೋಗಿಯ ಒಂದು ಕೂಗಿನಿಂದ ಒಂದು ಔಷಧದ ಹಣೆಬರಹವನ್ನು ನಿರ್ಣಯಿಸಿದುದು. ನಿಷ್ಪಕ್ಷಪಾತವಾಗಿ ನೋಡಿದರೆ ವೆಲ್ಸನೂ ಅದೇ ತಪ್ಪಿನಲ್ಲಿ ಪಾಲುಗಾರನೆನ್ನಬೇಕು. ಯಾವ ವಯಸ್ಸಿನವನಿಗೆ, ಯಾವ ಮೈಕಟ್ಟಿನವನಿಗೆ ಎಷ್ಟು ಅನಿಲ ಬೇಕು, ಎಷ್ಟು ಹೊತ್ತು ಬೇಕು ಎಂಬುದನ್ನು ಅಳೆದು ಬರೆದಿಡದೆ, ಹತ್ತಾರು ಜನರ ಅನುಭವವೊಂದನ್ನೇ ನೆಚ್ಚಿ ಅವನು ಸಭೆಯ ಮುಂದೆ ನಿಂತನು. ಇಂದು ಹೊಸ ಔಷಧವೊಂದು ಬಳಕೆಗೆ ಬರುವ ಮುನ್ನ ನೂರಾರು ರೋಗಿಗಳಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಔಷಧ ಪಡೆದವರನ್ನು ಪಡೆಯದವರೊಡನೆ ಹೋಲಿಸುತ್ತಾರೆ. ಗುಣವಾದುದನ್ನೂ ಆಗದುದನ್ನೂ ಸಮನಾಗಿ ಲೆಕ್ಕವಿಡುತ್ತಾರೆ. ಈ ಶಿಸ್ತು ಆಗ ಹುಟ್ಟಿರಲಿಲ್ಲ. ಅದು ಹುಟ್ಟುವುದಕ್ಕೆ ಮುನ್ನ ಎಷ್ಟು ಸತ್ಯಗಳು ಒಂದು ಸಿಳ್ಳಿಗೆ ಬಲಿಯಾದವೋ, ಎಷ್ಟು ಸುಳ್ಳುಗಳು ಒಂದು ಚಪ್ಪಾಳೆಯಿಂದ ಮೆರೆದವೋ, ಲೆಕ್ಕವಿಟ್ಟವರಿಲ್ಲ.

ಶಿಷ್ಯನ ಗೆಲವು

ವೆಲ್ಸ್ ಕೈಬಿಟ್ಟ ದಾರಿಯಲ್ಲಿ ಮಾರ್ಟನ್ ಮುಂದುವರಿದನು. ರಸಾಯನಶಾಸ್ತ್ರವನ್ನು ಬಲ್ಲ ಚಾರ್ಲ್ಸ್ ಜ್ಯಾಕ್ಸನ್ ಎಂಬವನ ಸಲಹೆಯಂತೆ ಅವನು ನಗೆ ಅನಿಲಕ್ಕೆ ಬದಲು ಈಥರ್ ಎಂಬ ದ್ರವದ ಆವಿಯನ್ನು ಹಿಡಿದನು. 1846ರ ಸೆಪ್ಟೆಂಬರ್ 30ರಂದು ಈಥರಿನ ಬಲದಿಂದ ನೋವಿಲ್ಲದೆ ಹಲ್ಲೊಂದನ್ನು ಕಿತ್ತನು. ಅಕ್ಟೋಬರ್ 16ರಂದು ಅದೇ ಆಸ್ಪತ್ರೆಯಲ್ಲಿ, ಅದೇ ವಾರೆನ್ ಗಿಲ್ಬರ್ಟ್ ಅಬಟ್ ಎಂಬ ರೋಗಿಯ ಕುತ್ತಿಗೆಯ ಗಂತಿಯೊಂದನ್ನು ಕೊಯ್ದಾಗ ಮಾರ್ಟನ್ ಈಥರನ್ನು ಕೊಟ್ಟನು. ರೋಗಿಯು ಕೂಗಲಿಲ್ಲ. ಒಂದು ವರ್ಷ ಒಂಬತ್ತು ತಿಂಗಳ ಹಿಂದೆ ನಗೆಯೆದ್ದಿದ್ದ ಸಭೆಯಲ್ಲಿ ಈಗ ವಿಸ್ಮಯದ ಮೌನ ಕವಿಯಿತು. ಸುದ್ದಿ ಸಮುದ್ರವನ್ನು ದಾಟಿ, ಆ ವರ್ಷ ಮುಗಿಯುವುದರೊಳಗಾಗಿ ಲಂಡನ್ನಿನಲ್ಲಿಯೂ ಈಥರಿನ ಬಳಕೆ ಆರಂಭವಾಯಿತು.

ಈಥರ್ ನಗೆ ಅನಿಲಕ್ಕಿಂತ ಬಲವಾದ ಮದ್ದು. ಅದರ ಪ್ರಭಾವ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಆದುದರಿಂದ ಅನುಭವವಿಲ್ಲದ ಕೈಯಲ್ಲಿಯೂ ಅದು ಬೇಗ ಕೈಕೊಡಲಿಲ್ಲ. ಮಾರ್ಟನ್ನನ ಅದೃಷ್ಟದಲ್ಲಿ ಈ ವಸ್ತುಗುಣದ ಪಾಲೂ ಇದೆಯೆಂಬುದನ್ನು ಮರೆಯಬಾರದು. ಆದರೆ ಸ್ವಭಾವದಲ್ಲಿ ಅವನು ವೆಲ್ಸನಿಗೆ ತೀರ ಬೇರೆ. ಸಾಮಾನ್ಯವಾದ ಈಥರಿಗೆ ಬಣ್ಣವನ್ನೂ ವಾಸನೆಯನ್ನೂ ಕೂಡಿಸಿ, ಲೀಥಿಯಾನ್ ಎಂಬ ಹೊಸ ಹೆಸರನ್ನಿಟ್ಟು, ಜ್ಯಾಕ್ಸನ್ನನೊಡನೆ ಸೇರಿ ನವೆಂಬರ್ 12ರಂದು ಪೇಟೆಂಟು ಪಡೆದನು. ತನ್ನ ಹಳೆಯ ಗುರುವಿಗೆ ಪತ್ರ ಬರೆದು, ಇದರ ಹಕ್ಕುಗಳನ್ನು ಮಾರುವ ಕೆಲಸದಲ್ಲಿ ಸೇರಲು ಆಹ್ವಾನವನ್ನೂ ಕಳುಹಿಸಿದನು. ಆ ಪತ್ರವನ್ನು ಓದಿದಾಗ ವೆಲ್ಸನ ಎದೆಯಲ್ಲಿ ಏನೇನು ನಡೆದಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಸುಮ್ಮನಿದ್ದರೆ ತನ್ನ ಹೆಸರೇ ಅಳಿದುಹೋಗುವುದೆಂದು ಕಂಡಾಗ ಮಾತ್ರ ವೆಲ್ಸ್ ಬಾಯ್ದೆರೆದನು. 1846ರ ಡಿಸೆಂಬರಿನಲ್ಲಿ ಹಾರ್ಟ್‌ಫರ್ಡ್ ಪತ್ರಿಕೆಗೆ ಬರೆದು, ಎರಡು ವರ್ಷಗಳ ಹಿಂದಿನ ತನ್ನ ಪ್ರಯೋಗಗಳನ್ನು ವಿವರಿಸಿದನು. ಅನಂತರ ಪ್ಯಾರಿಸಿಗೆ ಹೋದನು. ಅಲ್ಲಿ ಚಿತ್ರಪಟಗಳನ್ನು ಕೊಂಡುತಂದು ಮಾರಿ ನಾಲ್ಕು ಕಾಸು ಸಂಪಾದಿಸುವ ಉದ್ದೇಶವೂ ಇತ್ತು. ಆದರೆ ಆ ನಗರದಲ್ಲಿ ನೆಲೆಸಿದ್ದ ಬ್ರೂಸ್ಟರ್ ಎಂಬ ಅಮೆರಿಕದ ದಂತವೈದ್ಯನು ಇವನ ವಿಷಯವನ್ನು ಕೇಳಿ, ಫ್ರಾನ್ಸಿನ ವಿದ್ವತ್ಸಭೆಗಳ ಮುಂದೆ ಅಹವಾಲು ಸಲ್ಲಿಸುವಂತೆ ಒತ್ತಾಯಪಡಿಸಿದನು. ಹಿಂತಿರುಗಿ ಬಂದ ಮೇಲೆ 1847ರಲ್ಲಿ ವೆಲ್ಸ್ ತನ್ನ ಶೋಧದ ಇತಿಹಾಸವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದನು. ಒಂದೆಡೆ ಮಾರ್ಟನ್, ಇನ್ನೊಂದೆಡೆ ಜ್ಯಾಕ್ಸನ್, ಮತ್ತೊಂದೆಡೆ ವೆಲ್ಸ್, ಹೀಗೆ ಮೂವರೂ ಒಂದೇ ಕಿರೀಟಕ್ಕೆ ಕೈ ಚಾಚಿ ನಿಂತಂತಾಯಿತು. ಜಾರ್ಜಿಯಾ ಸಂಸ್ಥಾನದ ಹಳ್ಳಿಯೂರೊಂದರಲ್ಲಿ ಕ್ರಾಫರ್ಡ್ ಲಾಂಗ್ ಎಂಬ ವೈದ್ಯನು 1842ರ ಮಾರ್ಚ್ 30ರಂದೇ ಈಥರನ್ನು ಬಳಸಿ ಗಂತಿಯೊಂದನ್ನು ಕೊಯ್ದಿದ್ದನು. ಆದರೆ 1849ರವರೆಗೆ ಅದನ್ನು ಅವನು ಪ್ರಕಟಿಸದೆ ಇದ್ದುದರಿಂದ ಈ ಮೂವರಲ್ಲಿ ಯಾರಿಗೂ ಆ ವಿಷಯ ತಿಳಿದಿರಲಿಲ್ಲ.

ಕೊನೆಯ ದಿನಗಳು

1847ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಮಿನ ಗುಣವನ್ನು ಪ್ರಕಟಿಸಿದನು. ವೆಲ್ಸನಲ್ಲಿ ಹಳೆಯ ಉತ್ಸಾಹ ಮತ್ತೆ ಕೆರಳಿತು. ಹೆಂಡತಿ ಮಗನನ್ನು ಹಾರ್ಟ್‌ಫರ್ಡಿನಲ್ಲಿ ಬಿಟ್ಟು, 1848ರ ಜನವರಿಯಲ್ಲಿ ಒಬ್ಬನೇ ನ್ಯೂಯಾರ್ಕಿಗೆ ಹೋಗಿ ಅಲ್ಲಿ ವೃತ್ತಿಯನ್ನು ಹೂಡಿದನು. ಈಥರ್, ಕ್ಲೋರೋಫಾರಂ, ನಗೆ ಅನಿಲ ಇವುಗಳಲ್ಲಿ ಯಾವುದು ಮೇಲೆಂಬುದನ್ನು ತಿಳಿಯಲು ಅವನು ಆರಿಸಿಕೊಂಡ ರೋಗಿ ಮತ್ತೆ ತಾನೇ. ಮೊದಲ ಸಲ ಒಂದು ಹಲ್ಲನ್ನು ಒಡ್ಡಿದ್ದನು. ಈ ಸಲ ಬುದ್ಧಿಯನ್ನೇ ಒಡ್ಡಿದನು. ಕ್ಲೋರೋಫಾರಮನ್ನು ದಿನದಿನವೂ ಸೇದಿದರೆ ಮನಸ್ಸು ಅದರ ದಾಸ್ಯಕ್ಕೆ ಬೀಳುವುದೆಂದೂ ವಿವೇಕವು ಕದಡುವುದೆಂದೂ ಆಗ ಯಾರಿಗೂ ತಿಳಿದಿರಲಿಲ್ಲ. ಅದನ್ನು ತಿಳಿಸಿದವರಲ್ಲಿ ಮೊದಲಿಗನು ಅವನೇ ಆಗಬೇಕಾಯಿತು.

ಜನವರಿ 21 ಅವನ ಹುಟ್ಟಿದ ದಿನ, ಮೂವತ್ತಮೂರು ತುಂಬಿತು. ಅಂದು ಮತಿ ಕೆಟ್ಟ ಸ್ಥಿತಿಯಲ್ಲಿ ಬೀದಿಗೆ ಬಂದು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರ ಮೇಲೆ ಗಂಧಕಾಮ್ಲವನ್ನು ಎರಚಿದನು. ಜನ ಹಿಡಿದರು. ಟೂಂಬ್ಸ್ ಎಂಬ ಹೆಸರಿನ ಸೆರೆಮನೆಗೆ ಒಯ್ದರು. ಜೀವಮಾನವೆಲ್ಲ ಇನ್ನೊಬ್ಬರ ನೋವನ್ನು ನೀಗುವ ದಾರಿಯನ್ನು ಅರಸಿದವನ ಕೈಯಿಂದಲೇ ಇಬ್ಬರು ನಿರಪರಾಧಿಗಳಿಗೆ ನೋವು ತಗುಲಿತು. ಅಮಲು ಇಳಿದು ಬುದ್ಧಿ ತಿಳಿಯಾದಾಗ ತಾನು ಮಾಡಿದ್ದೇನೆಂಬುದು ಅವನಿಗೆ ಅರಿವಾಯಿತು. ಆ ಅರಿವಿಗೆ ಮಾತ್ರ ಅವನ ಬಳಿ ಅರಿವಳಿಕೆಯಿರಲಿಲ್ಲ. ಮನೆಯವರಿಗೆ ಪತ್ರ ಬರೆದಿಟ್ಟು, ಜನವರಿ 24ರಂದು ಸೆರೆಯಲ್ಲಿಯೇ ಪ್ರಾಣವನ್ನು ಕಳೆದುಕೊಂಡನು. ಕೊನೆಯ ಗಳಿಗೆಯಲ್ಲಿಯೂ ನೋವಿನಿಂದ ಪಾರಾಗಲು ಅವನು ಮೊರೆಹೊಕ್ಕುದು ಕ್ಲೋರೋಫಾರಮನ್ನೇ.

ಪ್ಯಾರಿಸಿನ ವೈದ್ಯಸಂಘವು ಅದೇ ತಿಂಗಳಲ್ಲಿ, ನೋವಿಲ್ಲದ ಶಸ್ತ್ರಕ್ರಿಯೆಗೆ ಅನಿಲಗಳನ್ನು ಮೊದಲು ಬಳಸಿದ ಗೌರವ ವೆಲ್ಸನಿಗೆ ಸೇರತಕ್ಕದ್ದೆಂದು ತೀರ್ಮಾನಿಸಿತ್ತು. ಬ್ರೂಸ್ಟರ್ ಬರೆದ ಆ ಶುಭವಾರ್ತೆಯ ಪತ್ರ ಸಮುದ್ರವನ್ನು ದಾಟಿ ಬರುವ ಹೊತ್ತಿಗೆ ಅದನ್ನು ಓದಬೇಕಾದವನು ಮಣ್ಣಿನಲ್ಲಿದ್ದನು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಬಂದಾಗ ಹಲ್ಲಿಲ್ಲವೆಂಬ ನಮ್ಮ ಗಾದೆಯು ಈ ದಂತವೈದ್ಯನ ಬಾಳಿನಲ್ಲಿ ಎಷ್ಟು ಕ್ರೂರವಾಗಿ ನಿಜವಾಯಿತು!

ಸತ್ಯಕ್ಕೆ ಸಂದ ನ್ಯಾಯ

ಕಿರೀಟಕ್ಕೆ ಕೈ ಚಾಚಿದ ಉಳಿದಿಬ್ಬರಿಗೂ ಸುಖ ದೊರೆಯಲಿಲ್ಲ. ಮಾರ್ಟನ್ ಅಮೆರಿಕದ ಶಾಸನಸಭೆಯಿಂದ ಬಹುಮಾನವನ್ನು ಪಡೆಯಲು ವರ್ಷಗಟ್ಟಲೆ ಹೆಣಗಿ, ಸಾಲದಲ್ಲಿ ಮುಳುಗಿ, 1868ರಲ್ಲಿ ತೀರಿಕೊಂಡನು. ಜ್ಯಾಕ್ಸನ್ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದು 1880ರಲ್ಲಿ ಸತ್ತನು. ಅರಿವಳಿಕೆಯ ನೆನಪಿಗಾಗಿ 1868ರಲ್ಲಿ ಬಾಸ್ಟನ್ನಿನ ಉದ್ಯಾನದಲ್ಲಿ ಎದ್ದ ಸ್ಮಾರಕದ ಮೇಲೆ ಶೋಧಿಸಿದವನ ಹೆಸರನ್ನೇ ಕೆತ್ತಲಿಲ್ಲ. ಯಾರ ಹೆಸರನ್ನು ಕೆತ್ತಿದರೂ ಜಗಳ ತಪ್ಪುತ್ತಿರಲಿಲ್ಲ.

ನಗೆ ಅನಿಲವಾದರೋ ವೆಲ್ಸನೊಡನೆ ಸಾಯಲಿಲ್ಲ. ಅದನ್ನು ಮತ್ತೆ ಎತ್ತಿ ಹಿಡಿದವನು ಅದೇ ಪ್ರದರ್ಶನಕಾರ ಕೋಲ್ಟನ್. 1863ರಲ್ಲಿ ಅವನು ನ್ಯೂಯಾರ್ಕಿನಲ್ಲಿ ನೋವಿಲ್ಲದೆ ಹಲ್ಲು ಕೀಳುವ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಅನಿಲವನ್ನು ಸೇದಿ ಹಲ್ಲು ಕೀಳಿಸಿಕೊಂಡ ರೋಗಿಗಳಿಂದ ಉದ್ದವಾದ ಸುರುಳಿಯಲ್ಲಿ ರುಜು ಹಾಕಿಸಿಕೊಳ್ಳುವ ಕ್ರಮವನ್ನಿಟ್ಟನು. ಆ ಸಂಖ್ಯೆ ಬೆಳೆಬೆಳೆದು ಲಕ್ಷವನ್ನು ಮೀರಿತು. ಒಬ್ಬ ರೋಗಿಯ ಕೂಗಿಗೆ ಲಕ್ಷ ರೋಗಿಗಳ ರುಜು ಉತ್ತರವಾಯಿತು. 1868ರಲ್ಲಿ ಷಿಕಾಗೋ ನಗರದ ಎಡ್ಮಂಡ್ ಆಂಡ್ರೂಸ್ ಅನಿಲಕ್ಕೆ ಆಮ್ಲಜನಕವನ್ನು ಬೆರೆಸುವ ಕ್ರಮವನ್ನು ತೋರಿಸಿ, ಅದರ ದೊಡ್ಡ ಅಪಾಯವನ್ನು ನಿವಾರಿಸಿದನು. 1884ರಲ್ಲಿ ಕಾರ್ಲ್ ಕೊಲರ್ ಕೋಕೇನಿನ ಸ್ಥಾನಿಕ ಅರಿವಳಿಕೆಯ ಗುಣವನ್ನು ಕಣ್ಣಿನ ಚಿಕಿತ್ಸೆಯಲ್ಲಿ ತೋರಿಸಿದ ಮೇಲೆ, ನೋಯುವ ಜಾಗವೊಂದನ್ನೇ ಜೋಮು ಹಿಡಿಸುವ ಸೂಜಿಮದ್ದುಗಳು ಕ್ರಮವಾಗಿ ಬಂದು ಹಲ್ಲು ಕೀಳುವುದರಲ್ಲಿ ಅನಿಲದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದವು. ಹಾಗಿದ್ದರೂ ಕುರ್ಚಿಯನ್ನು ಕಂಡೊಡನೆ ಬೆದರುವ ಮಕ್ಕಳಿಗೆ, ಹೆರಿಗೆಯ ಬೇನೆಯಲ್ಲಿರುವ ತಾಯಂದಿರಿಗೆ, ಆಮ್ಲಜನಕದೊಡನೆ ಬೆರೆಸಿದ ಈ ಅನಿಲವನ್ನು ಇಂದಿಗೂ ಎಷ್ಟೋ ಕಡೆ ಕೊಡುತ್ತಾರೆ.

ಗೌರವಗಳು ಒಂದಾದ ಮೇಲೊಂದರಂತೆ ತಡವಾಗಿ ಬಂದವು. ಅಮೆರಿಕದ ದಂತವೈದ್ಯರ ಸಂಘವು 1864ರಲ್ಲಿಯೂ ವೈದ್ಯರ ಸಂಘವು 1870ರಲ್ಲಿಯೂ ಅರಿವಳಿಕೆಯ ಶೋಧದ ಕೀರ್ತಿಯನ್ನು ವೆಲ್ಸನಿಗೆ ಸಲ್ಲಿಸಿದವು. 1875ರಲ್ಲಿ ಹಾರ್ಟ್‌ಫರ್ಡಿನ ಬುಶ್ನೆಲ್ ಉದ್ಯಾನದಲ್ಲಿ ಅವನ ಪ್ರತಿಮೆ ನಿಂತಿತು. 1910ರಲ್ಲಿ ಪ್ಯಾರಿಸಿನಲ್ಲಿಯೂ ಒಂದು ಪ್ರತಿಮೆ ನಿಂತಿತು.

ವೆಲ್ಸ್ ಮಹಾವಿಜ್ಞಾನಿಯಲ್ಲ. ಅನಿಲವನ್ನು ಕಂಡುಹಿಡಿದವನು ಅವನಲ್ಲ. ಅದರ ಗುಣವನ್ನು ಮೊದಲು ಸೂಚಿಸಿದವನೂ ಅವನಲ್ಲ. ಅದನ್ನು ಅಳೆದು ಹದಗೊಳಿಸಿದ ಕೀರ್ತಿಯೂ ಅವನದಲ್ಲ. ನೂರಾರು ಜನ ನಕ್ಕು ಮರೆತ ಒಂದು ಗಾಯವನ್ನು ಅವನು ಮರೆಯಲಿಲ್ಲ. ಮರುದಿನವೇ ಆ ಕಾಣ್ಕೆಯ ಬೆಲೆಯನ್ನು ತನ್ನ ದೇಹದಿಂದ ತೆತ್ತನು. ಅದು ಅವನ ಹಿರಿಮೆ. ಒಂದು ಸೋಲನ್ನು ಕೇವಲ ಒಂದು ಸೋಲೆಂದು ಎಣಿಸಿ ಮತ್ತೆ ಹದಿನಾರು ಸಲ ಪ್ರಯತ್ನಿಸುವ ತಾಳ್ಮೆ ಅವನಿಗಿದ್ದಿದ್ದರೆ, ಅಥವಾ ಆ ಒಂದು ಸೋಲನ್ನು ಹಾಗೆ ಎಣಿಸುವ ಉದಾರತೆ ನೋಡುವವರಿಗಿದ್ದಿದ್ದರೆ, ಅರಿವಳಿಕೆಯ ಯುಗವು ಸುಮಾರು ಎರಡು ವರ್ಷ ಮುಂಚಿತವಾಗಿಯೇ ಉದಿಸಬಹುದಾಗಿತ್ತು. ಆ ಎರಡು ವರ್ಷಗಳಲ್ಲಿ ಎಷ್ಟು ಮಂದಿ ಶಸ್ತ್ರದ ಕೆಳಗೆ ಎಚ್ಚರದಿಂದಲೇ ನರಳಿದರೋ! ಮುಂದಿನ ಸಲ ದಂತವೈದ್ಯನ ಕುರ್ಚಿಯಲ್ಲಿ ನೋವಿಲ್ಲದೆ ಕುಳಿತಾಗ, ತನ್ನ ಒಂದು ಹಲ್ಲಿನಿಂದ ಲೋಕದ ನೋವನ್ನು ಕೀಳಲು ಹೊರಟ ಆ ಸೌಮ್ಯ ಜೀವವನ್ನು ಒಂದು ಕ್ಷಣ ನೆನೆಯುವುದು ಅವನಿಗೆ ನಾವು ಸಲ್ಲಿಸಬಹುದಾದ ಋಣ.